ಹದಿನಾಲ್ಕು ಪ್ಲಸ್ ಒನ್ ಬಿದ್ದರೂ ಪ್ರಸ್ತಾವ ನಿಂತಿದ್ದು ಯಾಕೆ?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ನಾವು ದಿನಾ ಬಳಸುವ, ಅಪಾಚೆ ಅನ್ನುವ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಸಂಸ್ಥೆಯ ಒಂದು ಪ್ರಾಜೆಕ್ಟ್‌ಗೆ ಹೊಸ ಕಾನ್ಫಿಗ್ ಆಯ್ಕೆ, ಅಂದರೆ ಹೊಸ ಸೆಟ್ಟಿಂಗ್, ಸೇರಿಸಲು ಕೋಡ್ ಬರೆದು ಕಳಿಸಿದೆ. ಮೊದಲು ಪ್ರಸ್ತಾವ ಬರೆಯಿರಿ ಅಂದರು. ಬರೆದೆ. ಅದೇ ಸಂಜೆ ವೋಟಿಗೂ ಹಾಕಿದೆ. ನಮ್ಮ ಆಫೀಸಿನ 14 ಜನ ಪ್ಲಸ್ ಒನ್ (ಬೇಕು ಅನ್ನುವ ವೋಟು) ಕೊಟ್ಟರು. ಆದರೆ ಪ್ರಾಜೆಕ್ಟ್‌ನ ಹಳಬರೊಬ್ಬರು ಮೈನಸ್ ಒನ್ ಹಾಕಿ, ‘ಹಳೇ ಕ್ಲೈಂಟ್‌ಗಳಿಗೆ (ಇದಕ್ಕೆ ಜೋಡಿಸಿರುವ ಹಳೇ ತಂತ್ರಾಂಶಗಳಿಗೆ) ಇದರಿಂದ ತೊಂದರೆ ಆಗುತ್ತೆ, ಮೊದಲು ಚರ್ಚೆ ಆಗಲಿ’ ಎಂದು ಬರೆದರು. ಆಮೇಲೆ ಯಾರೂ ಮಾತಾಡಿಲ್ಲ. ಮೂರು ವಾರ ಆಯಿತು. 14ಕ್ಕೆ 1 ಅಂದರೆ ನಾನು ಗೆದ್ದ ಹಾಗಲ್ವಾ? ಒಬ್ಬರು ಅಡ್ಡಗಾಲು ಹಾಕಿದರೆ ಎಲ್ಲ ನಿಂತುಬಿಡುತ್ತಾ? ಫೋರ್ಕ್ ಮಾಡಿಕೊಂಡು ಬಿಡೋಣ, ಅಂದರೆ ಕೋಡನ್ನು ನಕಲು ಮಾಡಿ ನಮ್ಮದೇ ದಾರಿಯಲ್ಲಿ ನಡೆಸೋಣ ಅಂತಾರೆ ನಮ್ಮ ಮ್ಯಾನೇಜರ್.

ಉತ್ತರ: ನೀವು ಗೆದ್ದಿಲ್ಲ. ಆದರೆ ಸೋತೂ ಇಲ್ಲ. ಅಪಾಚೆಯ ಲೆಕ್ಕದಲ್ಲಿ ನಿಮ್ಮ ಪ್ರಸ್ತಾವಕ್ಕೆ ಬಿದ್ದಿರುವ ಪ್ಲಸ್ ಒನ್ ಸೊನ್ನೆ, ಮೈನಸ್ ಒನ್ ಒಂದು. ಆ 14 ಜನರ ಮಾತನ್ನು ಯಾರೂ ತಳ್ಳಿಹಾಕಿಲ್ಲ, ಅದು ವೋಟಿನ ಎಣಿಕೆಗೆ ಬರುವುದಿಲ್ಲ ಅಷ್ಟೇ. ಈ ಲೆಕ್ಕ ಯಾಕೆ ಹೀಗಿದೆ ಅನ್ನುವುದು ಗೊತ್ತಾದರೆ ಮುಂದೇನು ಮಾಡಬೇಕು ಅನ್ನುವುದೂ ಸಲೀಸಾಗಿ ಹೊಳೆಯುತ್ತೆ. ಹಾಗಾಗಿ ಸ್ವಲ್ಪ ಹಿಂದಿನಿಂದ ಶುರು ಮಾಡುತ್ತೇನೆ.

1995ರಲ್ಲಿ ಅಪಾಚೆ ವೆಬ್ ಸರ್ವರ್ ಶುರುವಾದಾಗ ಅದನ್ನು ನೋಡಿಕೊಳ್ಳುತ್ತಿದ್ದ ಗುಂಪಿನಲ್ಲಿ ಇದ್ದವರು ಎಂಟೇ ಜನ. ಬ್ರಯಾನ್ ಬೆಹ್ಲೆಂಡಾರ್ಫ್, ರಾಯ್ ಫೀಲ್ಡಿಂಗ್ ಅವರಲ್ಲಿ ಇಬ್ಬರು. ಒಬ್ಬೊಬ್ಬರು ಒಂದೊಂದು ಕಡೆ, ಎಲ್ಲರಿಗೂ ಬೇರೆ ಬೇರೆ ಕೆಲಸ. ಕೂತು ಮೀಟಿಂಗ್ ಮಾಡುವ ಮಾತೇ ಇರಲಿಲ್ಲ. ಹಾಗಾಗಿ ಪ್ಯಾಚ್‌ಗಳನ್ನು, ಅಂದರೆ ಕೋಡ್‌ನ ಬದಲಾವಣೆಗಳನ್ನು, ಈಮೇಲ್‌ನಲ್ಲಿ ಹಂಚಿಕೊಂಡು, ಈಮೇಲ್‌ನಲ್ಲೇ ವೋಟು ಹಾಕುವ ಪದ್ಧತಿ ಮಾಡಿಕೊಂಡರು. ಬೇಕು ಅಂದರೆ +1, ಬೇಡ ಅಂದರೆ −1. ಮೂರು +1 ಬಂದು, ಒಂದೂ −1 ಇಲ್ಲದಿದ್ದರೆ ಪ್ಯಾಚ್ ಒಳಗೆ. ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ ಹುಟ್ಟಿದ್ದು ಆಮೇಲೆ, 1999ರಲ್ಲಿ. ಇವತ್ತು ಅದರ ಅಡಿಯಲ್ಲಿ ನೂರಾರು ಪ್ರಾಜೆಕ್ಟ್‌ಗಳಿವೆ. ಆದರೂ ಆ ಮೂರರ ಲೆಕ್ಕ ಹಾಗೇ ಉಳಿದುಕೊಂಡಿದೆ. ವೆಬ್ ಸರ್ವರ್ ಪ್ರಾಜೆಕ್ಟ್‌ನಲ್ಲಂತೂ ಸ್ಥಿರ ಆವೃತ್ತಿಗೆ ಯಾವುದಾದರೂ ಬದಲಾವಣೆ ತರಬೇಕಾದರೆ ‘ಸ್ಟೇಟಸ್’ ಅನ್ನುವ ಫೈಲ್‌ನಲ್ಲಿ ಪ್ರಸ್ತಾವ ಬರೆದಿಡುತ್ತಾರೆ. ಅದರ ಕೆಳಗೆ ಮೂರು +1 ಬೀಳುವವರೆಗೆ ಕಾಯುತ್ತಾರೆ.

ಈ +1 ಅಂದರೆ ಏನು? ನಮಗೆ ಅದು ಲೈಕ್ ಬಟನ್ ಥರ ಕಾಣುತ್ತೆ. ನಿಮ್ಮ ಆಫೀಸಿನವರೂ ಹಾಗೇ ಒತ್ತಿದ್ದಾರೆ. ಅಪಾಚೆಯಲ್ಲಿ ಅದರ ಅರ್ಥ ಬೇರೆ. ‘ಇದು ಆಗಲಿ, ಆಗಿಸುವುದಕ್ಕೆ ನಾನೂ ಕೈ ಜೋಡಿಸುತ್ತೇನೆ’ ಅಂತ. ಐಡಿಯಾ ಚೆನ್ನಾಗಿದೆ, ಆದರೆ ಕೈ ಜೋಡಿಸಲು ನನಗೆ ಟೈಮಿಲ್ಲ ಅನ್ನುವವರು +0.9 ಅಂತ ಬರೆಯುವುದುಂಟು! ನನಗೆ ಇಷ್ಟವಿಲ್ಲ, ಆದರೆ ಅಡ್ಡ ಬರಲ್ಲ ಅನ್ನುವವರು −0 ಅಂತ ಬರೆಯುತ್ತಾರೆ. ಮನಸ್ಸು ಒಪ್ಪುತ್ತಿಲ್ಲ, ಯಾಕೆ ಅಂತ ಕಾರಣ ಕೊಡೋಕೂ ಆಗುತ್ತಿಲ್ಲ ಅನ್ನುವವರಿಗೆ −0.5 ಇದೆ. ಈ ಪಾಯಿಂಟ್ ಲೆಕ್ಕಗಳನ್ನು ಯಾರೂ ಕೂಡಿಸುವುದಿಲ್ಲ. ಜನ ತಮ್ಮ ಮನಸ್ಸಿನಲ್ಲಿರುವುದನ್ನು ಚಿಕ್ಕದಾಗಿ ಹೇಳಿಕೊಳ್ಳುವ ರೀತಿ ಇದು. ಎದುರೆದುರು ಕೂತಿದ್ದರೆ ಮುಖ ನೋಡಿ ಗೊತ್ತಾಗುತ್ತಿತ್ತು. ಮೈಲ್‌ನಲ್ಲಿ ಮುಖ ಕಾಣಲ್ವಲ್ಲ.

ಬಿಡುಗಡೆಯ ವೋಟನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. ಅಪಾಚೆ ಪ್ರಾಜೆಕ್ಟೊಂದು ಹೊಸ ಆವೃತ್ತಿ ಬಿಡಬೇಕಾದರೆ ಪಿಎಂಸಿಯ, ಅಂದರೆ ಪ್ರಾಜೆಕ್ಟ್ ನಡೆಸುವ ಸಮಿತಿಯ, ಕನಿಷ್ಠ ಮೂವರು +1 ಹಾಕಬೇಕು. ಹಾಕುವ ಮುಂಚೆ ಪ್ರತಿಯೊಬ್ಬರೂ ಸೋರ್ಸ್ ಕೋಡನ್ನು ತಮ್ಮ ಮಷೀನಿಗೆ ಇಳಿಸಿಕೊಂಡು, ಸಹಿ ಸರಿಯಿದೆಯಾ ನೋಡಿ, ಕಂಪೈಲ್ ಮಾಡಿ, ಟೆಸ್ಟ್ ಮಾಡಿರಬೇಕು. ಆ ಕೆಲಸ ಮಾಡಿದ್ದೇನೆ ಅನ್ನುವ ಸಹಿಯೇ ಆ +1.

ಇನ್ನು, ಯಾರ ವೋಟು ಎಣಿಕೆಗೆ ಬರುತ್ತೆ? ಅಪಾಚೆಯ ಭಾಷೆಯಲ್ಲಿ ಎರಡು ಥರದ ವೋಟು: ಬೈಂಡಿಂಗ್, ನಾನ್-ಬೈಂಡಿಂಗ್. ಯಾರು ಬೇಕಾದರೂ ವೋಟು ಹಾಕಬಹುದು, ನೀವೂ ಹಾಕಬಹುದು, ನಿಮ್ಮ ಆಫೀಸಿನವರೂ ಹಾಕಬಹುದು. ಆದರೆ ಲೆಕ್ಕಕ್ಕೆ ಹಿಡಿಯುವುದು ಬೈಂಡಿಂಗ್ ವೋಟುಗಳನ್ನು ಮಾತ್ರ. ಕೆಲವು ವಿಷಯಗಳಲ್ಲಿ ಅದು ಪಿಎಂಸಿ ಸದಸ್ಯರದ್ದು, ಕೆಲವು ಪ್ರಾಜೆಕ್ಟ್‌ಗಳಲ್ಲಿ ಕೆಲವು ವಿಷಯಗಳಿಗೆ ಕಮಿಟರ್‌ಗಳದ್ದೂ (ಕೋಡನ್ನು ನೇರವಾಗಿ ಸೇರಿಸುವ ಹಕ್ಕಿರುವವರದ್ದೂ) ನಡೆಯುತ್ತೆ. ಯಾವುದಕ್ಕೆ ಯಾರದ್ದು ಅನ್ನುವುದು ಆಯಾ ಪ್ರಾಜೆಕ್ಟ್‌ನ ನಿಯಮಾವಳಿಯಲ್ಲಿ ಇರುತ್ತೆ, ಒಂದು ಸಲ ಓದಿಕೊಳ್ಳಿ.

ಇದು ಅನ್ಯಾಯ ಅನಿಸಬಹುದು. ನನಗೂ ಮೊದಮೊದಲು ಅನಿಸಿತ್ತು. ಆದರೆ ಊರ ಕೆರೆಯನ್ನು ನೆನೆಸಿಕೊಳ್ಳಿ. ನೀರು ಎಲ್ಲರದ್ದು, ಮಾತಾಡುವ ಹಕ್ಕೂ ಎಲ್ಲರದ್ದು. ತೂಬು ತೆಗೆಯುವವನು ಮಾತ್ರ ನೀರುಗಂಟಿ. ಏರಿ ಒಡೆದರೆ ರಾತ್ರಿ ಎದ್ದು ಓಡಬೇಕಾದವನೂ ಅವನೇ. ನಿಮ್ಮ ಕಾನ್ಫಿಗ್ ಆಯ್ಕೆ ಒಂದು ಸಲ ಒಳಗೆ ಹೋಯಿತು ಅಂದರೆ ಅದನ್ನು ಹೊರಗೆ ತೆಗೆಯುವುದು ತುಂಬ ಕಷ್ಟ. ಸಾವಿರಾರು ಕಡೆ ಜನ ಬಳಸಲು ಶುರು ಮಾಡಿರುತ್ತಾರೆ. ಮೂರು ವರ್ಷ ಬಿಟ್ಟು ಅದರಲ್ಲಿ ಬಗ್ ಬಂದಾಗ ನೀವು ಬೇರೆ ಕಂಪನಿಯಲ್ಲಿ ಇರಬಹುದು. ಪ್ರಾಜೆಕ್ಟ್ ನೋಡಿಕೊಳ್ಳುವವರು ಅಲ್ಲೇ ಇರುತ್ತಾರೆ.

ಇನ್ನೊಂದು ಮಾತು ಕೇಳಿ. ಅಪಾಚೆಯಲ್ಲಿ ಮನುಷ್ಯರಿಗಷ್ಟೇ ಜಾಗ, ಕಂಪನಿಗಳಿಗಿಲ್ಲ. ಕಮಿಟರ್ ಕೂಡ ಅಲ್ಲಿ ತನ್ನ ಸ್ವಂತ ಹೆಸರಿನಲ್ಲಿ ಇರುತ್ತಾನೆ, ಕಂಪನಿಯ ಪರವಾಗಿ ಅಲ್ಲ. ಅಂಥ ಕಡೆ ಒಂದೇ ಆಫೀಸಿನಿಂದ ಒಂದೇ ಸಂಜೆ 14 ಪ್ಲಸ್ ಒನ್ ಬಂದರೆ ನೋಡುವವರಿಗೆ ಹೇಗೆ ಕಂಡಿರಬೇಕು? ನೀವು ಒಳ್ಳೆ ಮನಸ್ಸಿನಿಂದಲೇ ಮಾಡಿದ್ದೀರಿ, ನನಗೆ ಗೊತ್ತು. ಅವರ ಕಣ್ಣಿಗೆ ಅದು ಲಾರಿಯಲ್ಲಿ ಜನ ತುಂಬಿಸಿಕೊಂಡು ಬಂದ ಹಾಗೆ ಕಂಡಿರುತ್ತೆ. ಅದೇ 14 ಜನರಲ್ಲಿ ಇಬ್ಬರು ‘ಈ ಪ್ಯಾಚನ್ನು ನಮ್ಮ ಟೆಸ್ಟ್ ಕ್ಲಸ್ಟರ್‌ನಲ್ಲಿ ಒಂದು ವಾರ ಓಡಿಸಿ ನೋಡಿದೆವು, ಇಂಥಲ್ಲಿ ಅನುಕೂಲ ಆಯಿತು, ಇಂಥಲ್ಲಿ ಮೆಮೊರಿ ಜಾಸ್ತಿ ತಿಂದಿತು’ ಎಂದು ಬರೆದಿದ್ದರೆ, ಆ ನಾನ್-ಬೈಂಡಿಂಗ್ ಮಾತಿಗೆ ಬಹಳ ತೂಕ ಬರುತ್ತಿತ್ತು. ಕಮಿಟರ್‌ಗಳು ಅಂಥದ್ದನ್ನು ಓದಿಯೇ ತಮ್ಮ ವೋಟು ಹಾಕುತ್ತಾರೆ.

ಈಗ ಆ ಮೈನಸ್ ಒನ್ ಕಡೆ ಬರೋಣ. ನಿಮಗೆ ನೋವಾಗಿರುವುದು ಅಲ್ಲೇ ಅಲ್ವಾ?

ಅಪಾಚೆಯ ಸಾಮಾನ್ಯ ನಿಯಮ ಹೀಗಿದೆ. ಕೋಡ್ ಬದಲಾವಣೆಯ ಮೇಲೆ ಬೈಂಡಿಂಗ್ ವೋಟಿರುವವರು −1 ಹಾಕಿದರೆ ಅದು ವೀಟೋ. ಎಷ್ಟು ಪ್ಲಸ್ ಒನ್ ಇದ್ದರೂ ಅದನ್ನು ಮೀರುವಂತಿಲ್ಲ. ಹಾಕಿದವರೇ ಹಿಂದೆ ತೆಗೆದುಕೊಳ್ಳಬೇಕು. ಆದರೆ ವೀಟೋಗೂ ಒಂದು ಕಟ್ಟು ಇದೆ. ತಾಂತ್ರಿಕ ಕಾರಣ ಕೊಡಲೇಬೇಕು. ಸುಮ್ನೆ ‘ನನಗೆ ಹಿಡಿಸಲಿಲ್ಲ’ ಅಂದರೆ ಆ ವೀಟೋ ನಿಲ್ಲುವುದಿಲ್ಲ. ಬಿಡುಗಡೆಯ ವಿಷಯ ಬೇರೆ, ಅಲ್ಲಿ ವೀಟೋ ಇಲ್ಲ. ಮೂರು +1 ಇದ್ದು, ಅವು −1ಗಳಿಗಿಂತ ಜಾಸ್ತಿ ಇದ್ದರೆ ಬಿಡುಗಡೆ ಮಾಡಬಹುದು. ಈ ವ್ಯತ್ಯಾಸಕ್ಕೆ ಅರ್ಥವಿದೆ. ಕೆಟ್ಟ ಕೋಡ್ ಒಳಗೆ ಸೇರದ ಹಾಗೆ ಒಬ್ಬರಾದರೂ ತಡೆಯುವಂತಿರಬೇಕು. ಬಿಡುಗಡೆಯನ್ನೂ ಒಬ್ಬರೇ ತಡೆಯುವಂತಿದ್ದರೆ ಪ್ರಾಜೆಕ್ಟೇ ನಿಂತುಹೋಗುತ್ತೆ.

ಅಪಾಚೆ ಕಾಫ್ಕಾದಂಥ (ತಂತ್ರಾಂಶಗಳ ನಡುವೆ ಮಾಹಿತಿ ಸಾಗಿಸುವ ವ್ಯವಸ್ಥೆ ಅದು) ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ಕೋಡ್‌ಗೆ ಮುಂಚೆ ಪ್ರಸ್ತಾವಕ್ಕೇ ಒಂದು ವೋಟು ಇರುತ್ತೆ. ಕಾಫ್ಕಾದಲ್ಲಿ ಅಂಥ ಪ್ರಸ್ತಾವಕ್ಕೆ ‘ಕಿಪ್’ ಅನ್ನುತ್ತಾರೆ. ಅಲ್ಲಿ ವೋಟು ಕನಿಷ್ಠ 72 ಗಂಟೆ ತೆರೆದಿರಬೇಕು, ಕಮಿಟರ್‌ಗಳ ಮೂರು +1 ಬೀಳಬೇಕು, ಅವು −1ಗಳಿಗಿಂತ ಜಾಸ್ತಿ ಇರಬೇಕು. ಅಂದರೆ ಕಾಗದದ ಮೇಲೆ ನೋಡಿದರೆ ಒಂದು −1 ಇದ್ದೂ ಪ್ರಸ್ತಾವ ಪಾಸಾಗಬಹುದು. ಆದರೆ ಕಾರಣ ಕೊಟ್ಟು ಹಾಕಿದ ಒಂದು −1 ಕಣ್ಣೆದುರಿಗಿರುವಾಗ ಬೇರೆ ಕಮಿಟರ್‌ಗಳು ಕೈಕಟ್ಟಿ ಕೂರುತ್ತಾರೆ. ನಿಮ್ಮ ವಿಷಯದಲ್ಲೂ ಆಗಿರುವುದು ಅದೇ ಅನಿಸುತ್ತೆ. ಮೂರು ವಾರದಿಂದ ಅವರೆಲ್ಲ ನಿಮ್ಮ ಉತ್ತರಕ್ಕೆ ಕಾಯುತ್ತಿದ್ದಾರೆ. ನೀವು ಅವರು ಮಾತಾಡಲಿ ಅಂತ ಕಾಯುತ್ತಿದ್ದೀರಿ.

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನಾವು ಬರೆದ ಕೋಡ್ ಕೂಡ ಹಾಗೇ. ನನ್ನ ಮೊದಲ ಪ್ರಸ್ತಾವಕ್ಕೆ, ಬೇರೊಂದು ಪ್ರಾಜೆಕ್ಟ್‌ನಲ್ಲಿ, −1 ಬಿದ್ದಾಗ ನಾನು ಎರಡು ದಿನ ಮೈಲ್ ತೆಗೆಯಲೇ ಇಲ್ಲ. ಆಮೇಲೆ ತೆಗೆದು ನಿಧಾನವಾಗಿ ಓದಿದರೆ, ಆ ಮನುಷ್ಯ ನನ್ನ ಪ್ಯಾಚನ್ನು ಸಾಲುಸಾಲಾಗಿ ಓದಿದ್ದ. ನಾನು ಗಮನಿಸದ ಒಂದು ರೇಸ್ ಕಂಡೀಶನ್ (ಎರಡು ಕೆಲಸ ಒಟ್ಟಿಗೆ ನಡೆದಾಗ ಹಿಂದುಮುಂದಾಗಿ ಬರುವ ತಪ್ಪು) ಎಲ್ಲಿದೆ ಎಂದು ತೋರಿಸಿದ್ದ. +1 ಹಾಕಿದವರಲ್ಲಿ ಒಬ್ಬರೂ ಅಷ್ಟು ಓದಿರಲಿಲ್ಲ. ಅವತ್ತಿನಿಂದ ನಾನು ಕಾರಣ ಕೊಟ್ಟ −1 ಅನ್ನು ನನಗೆ ಸಿಕ್ಕಿದ ಸಹಾಯ ಅಂತಲೇ ತಿಳಿಯುತ್ತೇನೆ. ನಿಮಗೂ ಸಿಕ್ಕಿರುವುದು ಕಾರಣ ಕೊಟ್ಟ −1. ‘ಹಳೇ ಕ್ಲೈಂಟ್‌ಗಳಿಗೆ ತೊಂದರೆ’ ಅನ್ನುವುದು ನೀವು ಪರೀಕ್ಷೆ ಮಾಡಿ ನೋಡಬಹುದಾದ ಮಾತು. ನಿಜವಾ? ನಿಜವಾದರೆ ಹೇಗೆ ತಪ್ಪಿಸಬಹುದು? ಆಯ್ಕೆಯನ್ನು ತಾನಾಗಿ ಆನ್ ಆಗದ ಹಾಗೆ ಇಟ್ಟರೆ ಸಾಕಾ?

ಇದಕ್ಕೆಲ್ಲ ಜಾಗ ಚರ್ಚೆಯಲ್ಲಿ. ನಿಮ್ಮ ತಪ್ಪು ಅಂತ ಒಂದನ್ನು ಹೇಳಬೇಕಾದರೆ, ಅದು ಬರೆದ ಸಂಜೆಯೇ ವೋಟು ಕರೆದದ್ದು. ಓಪನ್ ಸೋರ್ಸ್‌ನಲ್ಲಿ ವೋಟು ಕಡೆಯ ಕೆಲಸ. ಮಾತಾಡಿ, ಜಗಳವಾಡಿ, ತಿದ್ದಿ, ಹೆಚ್ಚುಕಡಿಮೆ ಎಲ್ಲರೂ ಒಪ್ಪಿದ ಮೇಲೆ, ‘ಒಪ್ಪಿದೆವು’ ಅಂತ ಬರೆದಿಡುವುದಕ್ಕೆ ವೋಟು. ಮದುವೆ ಮಾತುಕತೆ ಆಗದೆ ಲಗ್ನಪತ್ರಿಕೆ ಹಂಚಿದರೆ ಬಂದವರಿಗೆ ಏನು ಮಾಡಬೇಕೋ ತೋಚುವುದಿಲ್ಲ. ಒಳ್ಳೆಯ ಪ್ರಸ್ತಾವದ ವೋಟು ನೋಡುವುದಕ್ಕೆ ಬಹಳ ಸಪ್ಪೆಯಾಗಿರುತ್ತೆ. +1, +1, +1, ಮುಗಿಯಿತು. ಬಿಸಿಬಿಸಿ ಮಾತೆಲ್ಲ ಅದಕ್ಕೆ ಮುಂಚೆ ಆಗಿಹೋಗಿರುತ್ತೆ.

ಕಾಫ್ಕಾದ ‘ಕಿಪ್’ ಬರೆಯುವ ಮಾದರಿ ನೋಡಿದರೆ ಇದು ಗೊತ್ತಾಗುತ್ತೆ. ಯಾಕೆ ಬೇಕು, ಹೊರಗಿನವರಿಗೆ ಕಾಣುವ ಯಾವ ಭಾಗ ಬದಲಾಗುತ್ತೆ, ಏನು ಮಾಡುತ್ತೀರಿ, ಹಳೆಯದರ ಜೊತೆ ಹೊಂದುತ್ತಾ, ಹಳೆಯದರಿಂದ ಹೊಸದಕ್ಕೆ ಹೋಗುವುದು ಹೇಗೆ, ಕೊನೆಗೆ, ಯೋಚಿಸಿ ಕೈಬಿಟ್ಟ ಬೇರೆ ದಾರಿಗಳು ಯಾವುವು. ಈ ಕೊನೆಯ ಭಾಗವನ್ನು ಹೊಸಬರು ಎರಡು ಸಾಲಿನಲ್ಲಿ ಮುಗಿಸುತ್ತಾರೆ ಅಥವಾ ಖಾಲಿ ಬಿಡುತ್ತಾರೆ. ನನ್ನ ಕೇಳಿದರೆ ಎಲ್ಲಕ್ಕಿಂತ ಜಾಸ್ತಿ ಸಮಯ ಅದಕ್ಕೇ ಕೊಡಬೇಕು. ‘ಹೀಗೂ ಮಾಡಬಹುದಿತ್ತಲ್ಲ’ ಎಂದು ಯಾರೋ ಕೇಳಿಯೇ ಕೇಳುತ್ತಾರೆ. ಅದು ಮೊದಲೇ ಅಲ್ಲಿದ್ದರೆ, ಈ ಮನುಷ್ಯ ಯೋಚನೆ ಮಾಡಿದ್ದಾನೆ ಅನ್ನುವ ನಂಬಿಕೆ ಬರುತ್ತೆ.

ಎಷ್ಟು ದಿನ ಚರ್ಚೆ ಆಗಬೇಕು? ಅದು ಪ್ರಸ್ತಾವದ ಗಾತ್ರದ ಮೇಲೆ. ಕಾಫ್ಕಾವನ್ನು ಝೂಕೀಪರ್ ಅನ್ನುವ ಇನ್ನೊಂದು ತಂತ್ರಾಂಶದ ಅವಲಂಬನೆಯಿಂದ ಬಿಡಿಸುವ ಕಿಪ್-500 ಮುಂದೆ ಬಂದದ್ದು 2019ರಲ್ಲಿ. ಝೂಕೀಪರ್ ಪೂರ್ತಿಯಾಗಿ ಹೋದ ಕಾಫ್ಕಾ 4.0 ಬಂದದ್ದು 2025ರ ಮಾರ್ಚ್‌ನಲ್ಲಿ. ಆ ಒಂದು ಪ್ರಸ್ತಾವದ ಬೆನ್ನಿಗೆ ಎಷ್ಟೋ ಚಿಕ್ಕ ಕಿಪ್‌ಗಳು ಬಂದವು, ಪ್ರತಿಯೊಂದಕ್ಕೂ ಬೇರೆಯೇ ಚರ್ಚೆ, ಬೇರೆಯೇ ವೋಟು. ನಿಮ್ಮದು ಒಂದು ಕಾನ್ಫಿಗ್ ಆಯ್ಕೆ. ಎರಡು ವಾರ ಮನಸ್ಸಿಟ್ಟು ಚರ್ಚಿಸಿದರೆ ಸಾಕಾಗಬಹುದು.

ಮೌನದ ಬಗ್ಗೆ ಒಂದು ಮಾತು ಹೇಳಲೇಬೇಕು, ಇದರಲ್ಲಿ ತುಂಬ ಜನ ಎಡವುತ್ತಾರೆ. ಮೌನಂ ಸಮ್ಮತಿ ಲಕ್ಷಣಂ ಅಂತ ನಾವು ಹೇಳುತ್ತೇವಲ್ಲ, ಅಪಾಚೆಯಲ್ಲೂ ಆ ಪದ್ಧತಿ ಇದೆ. ಅದಕ್ಕೆ ‘ಲೇಜಿ ಕನ್ಸೆನ್ಸಸ್’ ಅನ್ನುತ್ತಾರೆ. ‘ಇಂಥದ್ದು ಮಾಡುತ್ತಿದ್ದೇನೆ, ಮೂರು ದಿನದಲ್ಲಿ ಯಾರೂ ಬೇಡ ಅನ್ನದಿದ್ದರೆ ಮುಂದುವರಿಯುತ್ತೇನೆ’ ಎಂದು ಬರೆದು ಮುಂದುವರಿಯಬಹುದು. ಚಿಕ್ಕ ವಿಷಯಗಳೆಲ್ಲ ಹೀಗೇ ನಡೆಯುತ್ತವೆ, ಇಲ್ಲದಿದ್ದರೆ ಕೆಲಸ ಸಾಗುವುದಿಲ್ಲ. ಆದರೆ ವೋಟು ಅಂತ ಕರೆದ ಮೇಲೆ ಮೌನ ಸಮ್ಮತಿಯಲ್ಲ. ಅಲ್ಲಿ ಮೂರು ಜನ ಬಾಯಿಬಿಟ್ಟು ಹೇಳಬೇಕು. 72 ಗಂಟೆ ಕಳೆಯಿತು, ಯಾರೂ ಬೇಡ ಅನ್ನಲಿಲ್ಲ, ಹಾಗಾಗಿ ಪಾಸ್ ಅನ್ನುವಂತಿಲ್ಲ. 72 ಗಂಟೆ ಕನಿಷ್ಠ ಮಿತಿ, ಮೂರು ವೋಟು ಬರುವವರೆಗೆ ವಾರಗಟ್ಟಲೆ ತೆರೆದಿಟ್ಟರೂ ತಪ್ಪಿಲ್ಲ. ವಾರ, ಹತ್ತು ದಿನಕ್ಕೊಮ್ಮೆ ‘ಯಾರಾದರೂ ನೋಡಲು ಸಾಧ್ಯವಾ?’ ಎಂದು ಅದೇ ಎಳೆಯಲ್ಲಿ (ಮೈಲ್ ಥ್ರೆಡ್‌ನಲ್ಲಿ) ನೆನಪಿಸಬಹುದು. ಅದನ್ನು ಯಾರೂ ಕಿರಿಕಿರಿ ಅಂದುಕೊಳ್ಳಲ್ಲ. ಒಬ್ಬೊಬ್ಬರ ಸ್ವಂತ ಇನ್‌ಬಾಕ್ಸ್‌ಗೆ ಮೈಲ್ ಹಾಕಿ ವೋಟು ಬೇಡಿದರೆ ಮಾತ್ರ ಅಂದುಕೊಳ್ಳುತ್ತಾರೆ.

ಬೇರೆ ಕಡೆ ಪದ್ಧತಿ ಬೇರೆ. ಲಿನಕ್ಸ್ ಕರ್ನಲ್‌ನಲ್ಲಿ (ಆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನಲ್ಲಿ) ವೋಟೇ ಇಲ್ಲ, ಆಯಾ ಭಾಗ ನೋಡಿಕೊಳ್ಳುವ ಮೇಂಟೇನರ್ ಒಪ್ಪಬೇಕು, ಮೇಲೆ ಅದನ್ನು ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ತೆಗೆದುಕೊಳ್ಳಬೇಕು. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ವರ್ಷಗಟ್ಟಲೆ ಕೊನೆಯ ಮಾತು ಅದನ್ನು ಹುಟ್ಟುಹಾಕಿದ ಗೀಡೊ ವಾನ್ ರಾಸಮ್ ಅವರದ್ದೇ ಇತ್ತು. ಪೆಪ್ 572 ಅನ್ನುವ ಪ್ರಸ್ತಾವದ ಮೇಲಿನ ಜಗಳದಿಂದ ಬೇಸತ್ತು 2018ರ ಜುಲೈನಲ್ಲಿ ಅವರು ಆ ಜಾಗ ಬಿಟ್ಟರು. ಆಮೇಲೆ ಕೋರ್ ಡೆವಲಪರ್‌ಗಳು ವೋಟು ಹಾಕಿ, ಐದು ಜನರ ಸಮಿತಿ ಇರಲಿ ಎಂದು ತೀರ್ಮಾನಿಸಿದರು.

ಲಿನಕ್ಸ್ ಆಧರಿಸಿದ ಆಪರೇಟಿಂಗ್ ಸಿಸ್ಟಮ್ ಡೆಬಿಯನ್‌ನದ್ದು ಇನ್ನೊಂದು ದಾರಿ. ಅಲ್ಲಿ ಆಯ್ಕೆಗಳನ್ನು ಮೊದಲನೆಯದು, ಎರಡನೆಯದು ಅಂತ ಸಾಲಾಗಿ ಗುರುತಿಸಬೇಕು. ಕಂಪ್ಯೂಟರ್ ಆನ್ ಆದಾಗ ಉಳಿದೆಲ್ಲ ಸೇವೆಗಳನ್ನು ಶುರು ಮಾಡುವ ಸಿಸ್ಟಮ್‌ಡಿ ಬೇಕಾ ಬೇಡವಾ ಅನ್ನುವ ದೊಡ್ಡ ಜಗಳ 2014ರಲ್ಲಿ ನಡೆಯಿತು. ಫೆಬ್ರವರಿಯಲ್ಲಿ ಅವರ ತಾಂತ್ರಿಕ ಸಮಿತಿ ನಾಲ್ಕು-ನಾಲ್ಕಾಗಿ ಒಡೆದು, ಅಧ್ಯಕ್ಷರ ವೋಟಿನಿಂದ ತೀರ್ಮಾನ ಆಯಿತು. ಸಮಾಧಾನ ಆಗಲಿಲ್ಲ. ನವೆಂಬರ್‌ನಲ್ಲಿ ಎಲ್ಲ ಡೆವಲಪರ್‌ಗಳ ಮುಂದೆ ವೋಟು ಬಂತು. ಗೆದ್ದ ಆಯ್ಕೆ ಯಾವುದು ಗೊತ್ತಾ? ‘ಈ ವಿಷಯಕ್ಕೆ ಇಂಥ ನಿರ್ಣಯದ ಅಗತ್ಯವಿಲ್ಲ’ ಅನ್ನುವುದು. ವೋಟು ಹಾಕಿಯೇ ಜನ ವೋಟು ಬೇಡವಾಗಿತ್ತು ಅಂದರು.

ವೆಬ್ ತಾಣ ಕಟ್ಟಲು ಬಳಸುವ ಭಾಷೆ ಪಿಎಚ್‌ಪಿಯ ಕತೆ ನಿಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಅಲ್ಲಿ ಪ್ರಸ್ತಾವ ಕನಿಷ್ಠ ಎರಡು ವಾರ ಚರ್ಚೆಯಲ್ಲಿ ಇರಬೇಕು, ಪಾಸಾಗಲು ಮೂರರಲ್ಲಿ ಎರಡು ಪಾಲು ವೋಟು ಬೇಕು. 2019ರಲ್ಲಿ ‘ಶಾರ್ಟ್ ಓಪನ್ ಟ್ಯಾಗ್’ ಅನ್ನುವ ಹಳೇ ಬರೆಯುವ ರೀತಿಯನ್ನು ಕೈಬಿಡುವ ಪ್ರಸ್ತಾವ ವೋಟಿನಲ್ಲಿ ಪಾಸಾಯಿತು. ನಿಯಮ ಎಲ್ಲ ಸರಿಯಿತ್ತು. ಆದರೆ ಪಾಸಾದ ಮೇಲೆ ಗಟ್ಟಿಯಾದ ಆಕ್ಷೇಪಗಳು ಎದ್ದವು. ಹಳೇ ಕೋಡ್ ಒಡೆಯುತ್ತೆ, ಕೆಲವು ಕಡೆ ಸೋರ್ಸ್ ಕೋಡೇ ನೋಡುಗರ ಕಣ್ಣಿಗೆ ಬೀಳಬಹುದು ಅಂತ. ಪ್ರಸ್ತಾವವನ್ನು ತಿದ್ದಿ ಮತ್ತೆ ವೋಟಿಗೆ ಹಾಕಿದರು. ಎರಡನೇ ಸಲ ಅದು ಬಿದ್ದುಹೋಯಿತು. ಶಾರ್ಟ್ ಟ್ಯಾಗ್ ಪಿಎಚ್‌ಪಿ 8ರಲ್ಲೂ ಇದೆ. ಚರ್ಚೆಯಲ್ಲಿ ಬರಬೇಕಾದ ಮಾತು ವೋಟು ಆದ ಮೇಲೆ ಬಂದರೆ ಎಲ್ಲರಿಗೂ ಎರಡೆರಡು ಸಲ ಕೆಲಸ.

ನಮ್ಮ ಮನೆಯಂಗಳದ್ದೂ ಒಂದಿದೆ. ಕನ್ನಡ ವಿಕಿಪೀಡಿಯ ನಡೆಯುವುದು ಮೀಡಿಯಾವಿಕಿ ಅನ್ನುವ ಓಪನ್ ಸೋರ್ಸ್ ತಂತ್ರಾಂಶದ ಮೇಲೆ. ಆ ತಾಣದ ಸೆಟ್ಟಿಂಗ್ ಏನಾದರೂ ಬದಲಾಗಬೇಕು ಅಂದರೆ ನೇರವಾಗಿ ತಾಂತ್ರಿಕ ತಂಡಕ್ಕೆ ಹೇಳಿದರೆ ಆಗುವುದಿಲ್ಲ. ‘ನಿಮ್ಮ ಸಮುದಾಯ ಒಪ್ಪಿದೆಯಾ, ಎಲ್ಲಿ ಮಾತಾಡಿದ್ದೀರಿ ತೋರಿಸಿ’ ಅಂತಾರೆ. ಮೊದಲು ಕನ್ನಡ ಬಳಗದ ಎದುರು ವಿಷಯ ಇಟ್ಟು, ಒಮ್ಮತ ಮೂಡಿದ ಚರ್ಚೆಯ ಕೊಂಡಿಯನ್ನು ಕೋರಿಕೆಯ ಜೊತೆ ಕೊಡಬೇಕು. ಆ ಚರ್ಚೆಯ ಜಾಗಕ್ಕೆ ಕನ್ನಡದವರು ಇಟ್ಟಿರುವ ಹೆಸರು ‘ಅರಳಿಕಟ್ಟೆ’. ನನಗೆ ಬಹಳ ಇಷ್ಟವಾದ ಹೆಸರು ಅದು.

ಫೋರ್ಕ್ ವಿಷಯ. ಮಾಡಬಹುದು, ಲೈಸೆನ್ಸ್ ಅದಕ್ಕೆ ಅವಕಾಶ ಕೊಡುತ್ತೆ. ಆದರೆ ಒಂದು ಕಾನ್ಫಿಗ್ ಆಯ್ಕೆಗಾಗಿ ಫೋರ್ಕ್ ಮಾಡಿಕೊಂಡರೆ ಮೂಲ ಪ್ರಾಜೆಕ್ಟ್ ಪ್ರತಿ ಸಲ ಹೊಸ ಆವೃತ್ತಿ ಬಿಟ್ಟಾಗಲೂ ನಿಮ್ಮ ಪ್ಯಾಚನ್ನು ಮತ್ತೆ ಕೂರಿಸಿ, ಮತ್ತೆ ಟೆಸ್ಟ್ ಮಾಡಬೇಕು. ಸೆಕ್ಯೂರಿಟಿ ಬಗ್ ಬಂದ ರಾತ್ರಿಯೂ ಅಷ್ಟೇ. ಮ್ಯಾನೇಜರ್‌ಗೆ ಈ ಲೆಕ್ಕ ಬಿಡಿಸಿ ಹೇಳಿ. ಅಷ್ಟರಮಟ್ಟಿಗೆ ತುರ್ತು ಇದ್ದರೆ ಸದ್ಯಕ್ಕೆ ನಿಮ್ಮೊಳಗೆ ಪ್ಯಾಚ್ ಹಾಕಿಕೊಂಡು ಓಡಿಸಿ. ಅದರಿಂದ ಸಿಗುವ ಅನುಭವವನ್ನೇ ಚರ್ಚೆಗೆ ತನ್ನಿ.

ಈಗ ಮಾಡಬೇಕಾದ್ದು. ಹಳೇ ವೋಟಿನ ಎಳೆಯಲ್ಲೇ ಉತ್ತರ ಬರೆದು ವೋಟನ್ನು ಹಿಂದೆ ತೆಗೆದುಕೊಳ್ಳಿ. ಸಬ್ಜೆಕ್ಟ್‌ನಲ್ಲಿ ‘ಕ್ಯಾನ್ಸಲ್’ ಅಂತ ಸೇರಿಸುವುದು ರೂಢಿ. ಇದರಲ್ಲಿ ಅವಮಾನ ಏನೂ ಇಲ್ಲ, ದಿನಾ ನಡೆಯುವ ವಿಷಯ. ಆಫೀಸಿನ ವೋಟುಗಳ ಬಗ್ಗೆ ಉದ್ದುದ್ದ ವಿವರಣೆ ಬೇಡ, ‘ಪದ್ಧತಿ ಗೊತ್ತಿರಲಿಲ್ಲ, ಈಗ ಓದಿಕೊಂಡೆ’ ಅಂದರೆ ಸಾಕು. −1 ಹಾಕಿದವರಿಗೆ ಹೆಸರು ಹಿಡಿದು ಥ್ಯಾಂಕ್ಸ್ ಹೇಳಿ. ಅವರು ಹೇಳಿದ ತೊಂದರೆಯನ್ನು ನೀವೇ ಹಳೇ ಕ್ಲೈಂಟ್ ಇಟ್ಟುಕೊಂಡು ಪರೀಕ್ಷಿಸಿ. ಏನು ಕಂಡಿತೋ ಅದನ್ನು ಪ್ರಸ್ತಾವದಲ್ಲಿ ಬರೆಯಿರಿ. ಆಮೇಲೆ ‘ಡಿಸ್ಕಸ್’ ಅಂತ ಹೊಸ ಎಳೆ ಶುರು ಮಾಡಿ, ಆ ಭಾಗದ ಕೋಡ್‌ನಲ್ಲಿ ಇತ್ತೀಚೆಗೆ ಕೆಲಸ ಮಾಡಿದವರು ಯಾರು ನೋಡಿ, ಅವರ ಅಭಿಪ್ರಾಯವನ್ನು ಅದೇ ಎಳೆಯಲ್ಲಿ ಕೇಳಿ.

ಚರ್ಚೆ ತಣ್ಣಗಾದ ಮೇಲೆ ‘ಇನ್ನೇನೂ ಇಲ್ಲದಿದ್ದರೆ ಕೆಲವು ದಿನ ಬಿಟ್ಟು ವೋಟು ಕರೆಯುತ್ತೇನೆ’ ಎಂದು ಒಂದು ಸಾಲು ಹಾಕಿ. ಸೋಮವಾರವೋ ಮಂಗಳವಾರವೋ ಕರೆಯಿರಿ. ಶುಕ್ರವಾರ ಸಂಜೆ ಕರೆದರೆ 72 ಗಂಟೆಯಲ್ಲಿ ಎರಡು ದಿನ ರಜೆಗೇ ಹೋಗುತ್ತೆ. ಡಿಸೆಂಬರ್ ಕೊನೆಯ ವಾರವಂತೂ ಬೇಡವೇ ಬೇಡ. ಮುಂದಿನ ಆವೃತ್ತಿಗೆ ಪ್ರಸ್ತಾವ ಒಪ್ಪಿಗೆಯಾಗಬೇಕಾದ ಕೊನೆಯ ದಿನಾಂಕ ಇದ್ದರೆ ಅದನ್ನೂ ನೋಡಿಕೊಳ್ಳಿ. ಮುಗಿದ ಮೇಲೆ ‘ರಿಸಲ್ಟ್’ ಅಂತ ಮೈಲ್ ಹಾಕಿ, ಬೈಂಡಿಂಗ್ ಎಷ್ಟು, ನಾನ್-ಬೈಂಡಿಂಗ್ ಎಷ್ಟು ಎಂದು ಬೇರೆ ಬೇರೆಯಾಗಿ ಬರೆಯಿರಿ. ಕೋಡ್ ಬರೆಯುವಾಗ ವಿನ್ಯಾಸ ಬದಲಾಯಿತು ಅಂದರೆ ಅದೇ ಎಳೆಗೆ ವಾಪಸ್ ಬಂದು ತಿಳಿಸಿ. ಒಪ್ಪಿದ್ದೊಂದು, ಸೇರಿಸಿದ್ದು ಇನ್ನೊಂದು ಆಗಬಾರದು.

ಮೊದಲ ಮೈಲ್ ಇವತ್ತೇ ಬರೆಯಿರಿ. ಮೂರು ವಾರದಿಂದ ಅವರ ಪ್ರಶ್ನೆ ಉತ್ತರವಿಲ್ಲದೆ ಹಾಗೇ ನಿಂತಿದೆ.